ಪೂನಮ್ ಸಹಿ ಮಾಡಲಿಲ್ಲ

"ಟ್ಯೂಷನ್ ಶನಿವಾರ ಇರೂದಿಲ್ಲ. ಸೋಮವಾರ ಬಾ," ಎಂದ ಸುಶಾಂತ, ಬಾಗಿಲನ್ನು ಅರ್ಧವಷ್ಟೇ ತೆರೆದು. ಬಂದವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಪೂನಮ್‌ಗೆ ನಗು ತಡೆಯಲಾಗಲಿಲ್ಲ. ಹೆಗಲಿಗೆ ಕೇಬಲ್ ಸುರುಳಿ, ಒಂದು ಕೈಯಲ್ಲಿ ಡ್ರಿಲ್ ಮಷಿನ್, ಇನ್ನೊಂದರಲ್ಲಿ ಟೂಲ್ ಬ್ಯಾಗು. ಇಷ್ಟೆಲ್ಲ ಹೊತ್ತುಕೊಂಡು ಯಾವ ಹುಡುಗಿ ಫಿಸಿಕ್ಸ್ ಕಲಿಯಲು ಬರುತ್ತಾಳೆ?

"ನಾ ಕಲ್ಯಾಕ ಬಂದಿಲ್ರಿ ಸರ್. ನಿಮ್ಮ ಕಾರಿನ ಚಾರ್ಜರ್ ಕೂಡ್ಸಾಕ ಬಂದೇನಿ."

ಆಗ ನೋಡಿದ. ನೋಡಿದವನು ಅಲ್ಲಿಯೇ ನಿಂತ. "ಕಾಂಟ್ರ್ಯಾಕ್ಟರ್ ಬರ್ತಾರಂತ ಶೋರೂಮ್‌ನವರು ಹೇಳಿದ್ರು..."

"ನಾನ ಕಾಂಟ್ರ್ಯಾಕ್ಟರ್. ಯಾಕ್ರಿ, ಮೀಸಿ ಬೇಕಿತ್ತೇನು?"

ಮೂಡಲಗಿಯ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವ ಸುಶಾಂತ ಸರ್‌ಗೆ ಮಾತು ತಡವರಿಸಿದ್ದು ಬಹುಶಃ ಅದೇ ಮೊದಲು. ಕಿವಿ ಕೆಂಪಾಯಿತು. ಆ ಕಿವಿ ಪೂನಮ್‌ಗೆ ಬಹಳ ಹಿಡಿಸಿತು.

ಆದರೆ ಕಿವಿ ನೋಡಲು ಅವಳು ಬಂದಿರಲಿಲ್ಲ. ಕೊಣ್ಣೂರಿನ ದುರ್ಗಪ್ಪನ ಮಗಳು ಪೂನಮ್, ಡಿಪ್ಲೊಮಾ ಮುಗಿಸಿ ಐದು ವರ್ಷ ಬೇರೆಯವರ ಕೈಕೆಳಗೆ ದುಡಿದವಳು. ತನ್ನದೇ ಹೆಸರಿನ ಲೈಸೆನ್ಸ್ ಕೈಗೆ ಬಂದು ಇಪ್ಪತ್ತು ದಿನವೂ ಆಗಿರಲಿಲ್ಲ. ಘಟಪ್ರಭಾ ಸ್ಟೇಷನ್ ರಸ್ತೆಯಲ್ಲಿ ಒಂದು ಪುಟ್ಟ ಅಂಗಡಿ ಹಿಡಿದಿದ್ದಳು. ಗೋಕಾಕದ ಕಾರ್ ಶೋರೂಮಿನ ಮ್ಯಾನೇಜರ್ ಸಿದ್ರಾಯ ಅವಳಿಗೆ ಒಂದು ಮಾತು ಕೊಟ್ಟಿದ್ದ. ಈ ಮೊದಲ ಮನೆಯ ಕೆಲಸ ಮುಗಿಸಿ ರಿಪೋರ್ಟಿಗೆ ಸಹಿ ಹಾಕಿಕೊಟ್ಟರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಚಾರ್ಜರ್ ಕೆಲಸ ಅವಳದೇ. ಇವತ್ತಿನ ಒಂದು ಸಹಿಯ ಮೇಲೆ ಅವಳ ಅಂಗಡಿ ನಿಂತಿತ್ತು.

ಕೆಲಸ ಸರಾಗವಾಗಿ ನಡೆಯಿತು. ಮೀಟರಿನಿಂದ ಚಾರ್ಜರಿಗೆ ಬೇರೆಯದೇ ಕೇಬಲ್, ಅದಕ್ಕೊಂದು ಬೇರೆ ಸ್ವಿಚ್ಚು, ಸ್ವಲ್ಪ ಕರೆಂಟ್ ಸೋರಿದರೂ ತಟ್ಟನೆ ಬಂದ್ ಆಗುವ ಪೆಟ್ಟಿಗೆಯೊಂದು. ಸುಶಾಂತ ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದ. ಏಣಿ ಅಲುಗದಿದ್ದರೂ ಬಿಗಿಯಾಗಿ ಹಿಡಿದಿದ್ದ.

"ಕೇಬಲ್ ಇಷ್ಟ ದಪ್ಪ ಯಾಕ್ರಿ?"

"ಫಿಸಿಕ್ಸ್ ಸರ್ ನೀವು. ನೀವ ಹೇಳ್ರಿ."

"ತಾಸಗಟ್ಟಲೆ ಕರೆಂಟ್ ಹರೀತೈತಿ. ತೆಳುವಾದ್ರ ಕಾಯ್ತೈತಿ."

"ಪಾಸ್," ಎಂದಳು ಮೇಲಿನಿಂದಲೇ. ಅವನು ನಕ್ಕ. ಗಂಭೀರ ಮುಖದವರು ನಕ್ಕರೆ ಇಷ್ಟು ಚಂದ ಕಾಣುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ.

ಕೊನೆಯದಾಗಿ ಅರ್ಥಿಂಗ್. ಕರೆಂಟ್ ತರುವುದು ಒಂದು ತಂತಿ, ಮರಳಿ ಒಯ್ಯುವುದು ನ್ಯೂಟ್ರಲ್. ಮೂರನೆಯದು ಅರ್ಥ್, ದಿನವಿಡೀ ಏನೂ ಮಾಡದೆ ಸುಮ್ಮನೆ ಕೂತಿರುತ್ತದೆ. ಆದರೆ ಎಲ್ಲಾದರೂ ಕರೆಂಟ್ ಸೋರಿದಾಗ ಅದನ್ನು ನೆಲಕ್ಕೆ ಇಳಿಸಿ ಮನುಷ್ಯರನ್ನು ಉಳಿಸುವುದು ಅದೇ. ಪೂನಮ್ ಗೋಡೆಯ ಹಳೆಯ ಪ್ಲಗ್ಗಿನಲ್ಲಿ ಕರೆಂಟ್ ತಂತಿಗೂ ಅರ್ಥ್‌ಗೂ ನಡುವೆ ಟೆಸ್ಟ್ ಲ್ಯಾಂಪ್ ಹಚ್ಚಿದಳು. ಬಲ್ಬು ಭರ್ತಿ ಹೊತ್ತಿತು.

"ನೋಡ್ರಿ, ಅರ್ಥಿಂಗ್ ಫಸ್ಟ್ ಕ್ಲಾಸ್!" ಸುಶಾಂತನ ದನಿಯಲ್ಲಿ ಹೆಮ್ಮೆ.

ಇನ್ನು ಅರ್ಥ್ ಅಳೆಯುವ ಮೀಟರ್ ಹಚ್ಚಿ ನೋಡಿದರೆ ಮುಗಿಯಿತು. ಆದರೆ ಹೊತ್ತಾಗಿತ್ತು, ಸಿದ್ರಾಯನ ಫೋನು ಮೂರು ಸಲ ಬಂದಿತ್ತು, ಎದುರಿಗೆ ಆ ನಗುಮುಖ ಬೇರೆ. ಪೂನಮ್ ರಿಪೋರ್ಟ್ ಹಾಳೆ ಬಿಡಿಸಿ ಪೆನ್ನಿನ ಕ್ಯಾಪ್ ತೆಗೆದಳು. ಖರೆ ಹೇಳಬೇಕೆಂದರೆ, ಅಳೆಯದೆಯೇ ಸಹಿ ಹಾಕುವವಳಿದ್ದಳು.

ಅಷ್ಟರಲ್ಲಿ ಸುಶಾಂತನ ತಾಯಿ ಕಾಡವ್ವ ಚಹಾ ತಂದಳು.

"ನಿನ್ನ ಕೈಗುಣ ಚಲೋ ಐತಿ ಯವ್ವಾ. ಈ ಕಾರ್ ಬಂದ ಗಳಿಗಿನೂ ಚಲೋ ಐತಿ. ವರ್ಷ ಆತು ನೋಡು, ಆ ಅರಬಿ ಒಗಿಯೋ ಮಷಿನ್ ಮುಟ್ಟಿದ್ರ ಕೈ ಜುಂ ಅಂತಿತ್ತು. ಮೂರ ದಿನದಿಂದ ಏನೂ ಇಲ್ಲ!"

ಪೆನ್ನು ಹಾಳೆಯ ಮೇಲೆ ನಿಂತಿತು.

"ಮೂರ ದಿನದ ಹಿಂದ ಏನಾತ್ರಿ ಅವ್ವಾರ?"

"ಕಾರ್ ಬಂತು. ಅದರ ಜೋಡಿ ಬಂದ ಸಣ್ಣ ಚಾರ್ಜರ್ ಈ ಪ್ಲಗ್ಗಿಗೆ ಹಚ್ಚಿದ್ರ ಚಾರ್ಜ್ ಆಗವಲ್ದು, ಕೆಂಪ ದೀಪ ಬರಾಕತ್ತಿತ್ತು. ನಮ್ಮ ಸುಶ್ಯಾ ತಾನ ಪ್ಲಗ್ ಬಿಚ್ಚಿ ರಿಪೇರಿ ಮಾಡಿದಾ."

ಪೂನಮ್ ಸುಶಾಂತನನ್ನು ನೋಡಿದಳು. ಸುಶಾಂತ ಚಹಾದ ಕಪ್ಪನ್ನು ನೋಡಿದ.

ಅವಳು ಮೇನ್ ಸ್ವಿಚ್ ಇಳಿಸಿ ಪ್ಲಗ್ಗಿನ ಮುಚ್ಚಳ ಬಿಚ್ಚಿದಳು. ಒಳಗೆ ಬೆರಳುದ್ದದ ಕೆಂಪು ತಂತಿಯೊಂದು ನ್ಯೂಟ್ರಲ್‌ನಿಂದ ಅರ್ಥ್‌ಗೆ ಜೋಡಣೆಯಾಗಿತ್ತು. ಅದನ್ನು ಕಿತ್ತು, ಕರೆಂಟ್ ಹಾಕಿ, ಮತ್ತೆ ಲ್ಯಾಂಪ್ ಹಚ್ಚಿದಳು. ಬಲ್ಬು ಹೊತ್ತಲಿಲ್ಲ.

ಅರ್ಥ್ ತಂತಿಯ ಜಾಡು ಹಿಡಿದು ಬಚ್ಚಲಿಗೆ ಹೋದಳು. ಹಳೆಯ ಕಾಲದ ಪದ್ಧತಿಯಂತೆ ಅದನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಹೋದ ವರ್ಷ ಟೈಲ್ಸ್ ಹಾಕಿಸುವಾಗ ನೆಲದೊಳಗಿನ ಪೈಪನ್ನೆಲ್ಲ ಪ್ಲಾಸ್ಟಿಕ್ ಮಾಡಿಸಿದ್ದರು. ನಲ್ಲಿಯ ಬಳಿ ಮೊಳದುದ್ದ ಕಬ್ಬಿಣ ಮಾತ್ರ ಉಳಿದಿತ್ತು. ಒಂದು ವರ್ಷದಿಂದ ಈ ಮನೆಯ ಅರ್ಥ್ ನೆಲವನ್ನೇ ಮುಟ್ಟಿರಲಿಲ್ಲ.

"ಚಾರ್ಜರ್ ಖರೆ ಹೇಳಾಕತ್ತಿತ್ತು ಸರ್, ಅರ್ಥ್ ಇಲ್ಲಂತ. ನೀವು ಅದರ ಬಾಯಿ ಮುಚ್ಚಿಸೀರಿ. ಮಷಿನ್ ಸೋರಿದ ಕರೆಂಟೂ ಈ ತಂತಿ ಹಿಡದು ನ್ಯೂಟ್ರಲ್‌ಗೆ ಹೊಂಟಿತ್ತು, ಅದಕ್ಕ ಜುಂ ಅನ್ನೂದು ನಿಂತಿತ್ತು."

"ನ್ಯೂಟ್ರಲ್ಲೂ ಟ್ರಾನ್ಸ್‌ಫಾರ್ಮರ್ ಹತ್ರ ನೆಲಕ್ಕ ಹೋಗಿರತೈತಿ. ಅಂದ ಮ್ಯಾಲೆ ಎರಡೂ ಒಂದ ಅಲ್ಲೇನ್ರಿ?"

"ಟ್ರಾನ್ಸ್‌ಫಾರ್ಮರ್ ಹತ್ರ ಒಂದ. ನಿಮ್ಮ ಮನ್ಯಾಗ ಅಲ್ಲ. ನಾಳೆ ಗಾಳಿಗೆ ಕಂಬದ ಮ್ಯಾಲೆ ನ್ಯೂಟ್ರಲ್ ಕಡೀತು ಅಂತ ತಿಳ್ಕೋರಿ. ಒಳಗ ಬಂದ ಕರೆಂಟಿಗೆ ಮರಳಿ ಹೋಗಾಕ ದಾರಿ ಇಲ್ಲ. ಈ ತಂತಿ ಹಿಡದು ಮಷಿನ್‌ಗೆ ಬರತೈತಿ, ಫ್ರಿಜ್ಜಿಗೆ ಬರತೈತಿ, ಕಾರಿನ ಬಾಗಲಕ್ಕ ಬರತೈತಿ. ಅವ್ವಾರು ಕೈ ಹಚ್ಚಿದ್ರ..."

ತಪ್ಪು ಒಪ್ಪಿಕೊಳ್ಳುವುದು ಕಲಿತವರಿಗೆ ಕಷ್ಟ. ಕಲಿಸುವವರಿಗೆ ಇನ್ನೂ ಕಷ್ಟ. ಕಾಂಪೌಂಡಿನಾಚೆ ಓಣಿಯ ನಾಲ್ಕು ಜನ ಹೊಸ ಕಾರು ನೋಡಲು ನಿಂತಿದ್ದರು. ಸುಶಾಂತನ ಬಾಯಿಂದ ಬರಬಾರದ ಮಾತು ಬಂತು. "ಕೆಲಸ ದೊಡ್ಡದು ಮಾಡ್ಕೊಳ್ಳಾಕ ಹಿಂಗ ಹೇಳಾಕತ್ತೀರೇನು?"

ಅದೇ ಹೊತ್ತಿಗೆ ಸಿದ್ರಾಯನ ನಾಲ್ಕನೇ ಫೋನು. ಅರ್ಥಿಂಗ್ ಇಲ್ಲವೆಂದು ಅವಳು ತಿಳಿಸಿದಳು.

"ಅದನ್ನೆಲ್ಲ ಆಮ್ಯಾಲೆ ನೋಡೂಣವಾ. ಇವತ್ತ ಸಹಿ ಮಾಡಿ ಕೊಡು. ಇಲ್ಲಂದ್ರ ಹುಕ್ಕೇರಿಯಾಗ ಒಬ್ಬಾಂವ ಅದಾನ, ಕುಂತಲ್ಲೇ ಮಾಡಿ ಕೊಡ್ತಾನ. ಮೂರೂ ಊರಿನ ಕೆಲಸ ಅವಂಗ ಹೋಗತೈತಿ."

"ಹೋಗ್ಲಿ ಬಿಡ್ರಿ," ಎಂದು ಪೂನಮ್ ಫೋನ್ ಇಟ್ಟಳು. ಪೆನ್ನಿನ ಕ್ಯಾಪ್ ಹಾಕಿ, ಹಾಳೆ ಮಡಚಿ, ಬಟ್ಟೆ ಒಗೆಯುವ ಮಷಿನ್ನಿನ ಪ್ಲಗ್ ಕಿತ್ತು ಕಾಡವ್ವನ ಕೈಗೆ ಕೊಟ್ಟಳು. "ಅರ್ಥಿಂಗ್ ಆಗೂತನಾ ಇದನ್ನ ಹಚ್ಚಬ್ಯಾಡ್ರಿ ಅವ್ವಾರ." ಬಾಗಿಲಲ್ಲಿ ನಿಂತು ಸುಶಾಂತನ ಕಡೆ ತಿರುಗಿದಳು. "ಕ್ಲಾಸಿನ್ಯಾಗ ಅರ್ಥಿಂಗ್ ಪಾಠ ಹೇಳ್ತೀರಲ್ಲ ಸರ್, ಅದು ಖರೆ ಅಂತ ಹೇಳ್ತೀರೋ, ಬರೇ ಮಾರ್ಕ್ಸಿಗೋ?"

ಸ್ಕೂಟರಿನಲ್ಲಿ ಘಟಪ್ರಭಾ ತನಕ ಕಣ್ಣು ಒರೆಸಿಕೊಳ್ಳುತ್ತಲೇ ಬಂದಳು. ಕೆಲಸ ಹೋದದ್ದಕ್ಕೆ ಅಳು ಬಂತು. ಆ ಮಾತು ಅವನೇ ಆಡಿದನಲ್ಲ ಎಂಬುದಕ್ಕೆ ಅದಕ್ಕಿಂತ ಹೆಚ್ಚು ಬಂತು. ಒಂದು ಮಧ್ಯಾಹ್ನದ ಪರಿಚಯಕ್ಕೆ ಇಷ್ಟು ನೋವೇಕೆ ಎಂದು ತನ್ನನ್ನೇ ಬೈದುಕೊಂಡಳು.

ಸೋಮವಾರ ಅಂಗಡಿಯ ಶಟರ್ ಎತ್ತುವಾಗ ಅವನು ಎದುರಿಗೆ ನಿಂತಿದ್ದ. ಬಸ್ಸಿನಲ್ಲಿ ಬಂದಿದ್ದ. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ.

"ಕೈಗೇನಾತ್ರಿ?"

"ಅರ್ಥಿಂಗ್ ಗುಂಡಿ ತೋಡಿದ್ನಿ. ನಾಲ್ಕ ಫೂಟಿಗೆ ಕಲ್ಲ ಹತ್ತಿತು." ತಲೆ ತಗ್ಗಿಸಿದ. "ವರ್ಷದಿಂದ ಅವ್ವ ಜುಂ ಅಂತೈತಿ ಅಂತಿದ್ಳು. ವಯಸ್ಸಾತು, ನರ ವೀಕ್ ಆಗ್ಯಾವು ಅಂತ ನಾ ನಗ್ತಿದ್ನಿ. ನಿನ್ನೆ ಕೇಳಿದ್ರ, ವರ್ಷವೆಲ್ಲ ರಬ್ಬರ್ ಚಪ್ಪಲ್ ಹಾಕ್ಕೊಂಡ ಅರಬಿ ಒಗದಾಳಂತ. ಮಗ ಫಿಸಿಕ್ಸ್ ಮಾಸ್ತರ. ನನಗ ನಾಚಿಕಿ ಆತ್ರಿ. ನಿಮಗ ಆಡಿದ ಮಾತಿಗಿ ಅದಕ್ಕಿಂತ ನಾಚಿಕಿ ಆತು. ತಪ್ಪಾತು."

ಪೂನಮ್‌ಗೆ ಕೋಪ ಉಳಿಸಿಕೊಳ್ಳಬೇಕೆಂಬ ಆಸೆ ಬಹಳ ಇತ್ತು. ಆದರೆ ಆ ಎರಡು ಅಂಗೈ ಅದಕ್ಕೆ ಬಿಡಲಿಲ್ಲ.

"ಪೆನ್ನ ತಗದಿದ್ದು ನಂದೂ ತಪ್ಪ," ಎಂದಳು. "ಅಳೀಲಾರದ ಸಹಿ ಹಾಕಾಕಿ ಇದ್ನಿ ಅಂದ್ರ ನಿಮಗಿಂತ ನಾ ಏನ್ ಹೆಚ್ಚಿನಾಕಿ? ನಡೀರಿ, ಗುಂಡಿ ತೋರಸ್ರಿ."

ಗುಂಡಿ ತೋಡಿದ ಜಾಗವೇ ತಪ್ಪಾಗಿತ್ತು. ಹಿತ್ತಲ ಇನ್ನೊಂದು ಬದಿ, ಬಾಳೆಗಿಡದ ಹತ್ತಿರ ಮಣ್ಣು ಆಳವಾಗಿ ಹಸಿಯಾಗಿತ್ತು. ಅಲ್ಲಿ ತಾಮ್ರ ಲೇಪದ ಸರಳು ಇಳಿಸಿ, ಸುತ್ತ ಅರ್ಥಿಂಗ್ ಪುಡಿ ತುಂಬಿ, ಮೀಟರ್ ಹಚ್ಚಿದರೆ ಎಂಟು ಓಮ್ ತೋರಿಸಿತು. ಕಡಿಮೆ ಇದ್ದಷ್ಟೂ ಒಳ್ಳೆಯದು, ಪೂನಮ್‌ಗೆ ಐದರೊಳಗೆ ಬೇಕಿತ್ತು.

"ಇನ್ನೊಂದು ಹಾಕಿ ಎರಡೂ ಪ್ಯಾರಲಲ್ ಜೋಡಸಿದ್ರ ಹೆಚ್ಚೂಕಡಿಮಿ ಅರ್ಧ ಆಗತೈತಿ," ಎಂದ ಸುಶಾಂತ.

"ಪಾಸ್. ಆದ್ರ ನಡುವ ಮೂರ ಮೀಟರ್ ಅಂತರ ಬೇಕು. ಬಾಜೂಕ ಹಾಕಿದ್ರ ಒಂದರ ಕೆಲಸ ಇನ್ನೊಂದು ಕೆಡಸತೈತಿ."

ಟೇಪಿನ ಒಂದು ತುದಿ ಅವಳು ಹಿಡಿದಳು, ಇನ್ನೊಂದನ್ನು ಅವನು. ಮೂರು ಮೀಟರ್ ದೂರದಲ್ಲಿ ನಿಂತು ಅವಳನ್ನು ನೋಡಿ ಮೆಲ್ಲಗೆ ಕೇಳಿದ. "ಈ ಅಂತರದ ರೂಲ್ ಸರಳಿಗೆ ಅಷ್ಟ ಹೌದಲ್ರಿ, ನಮಗಲ್ಲ?"

ಪೂನಮ್ ಟೇಪನ್ನು ಪಟ್ಟನೆ ಬಿಟ್ಟಳು. ಅದು ಸರ್ರನೆ ಸುತ್ತಿಕೊಂಡು ಅವನ ಬೆರಳಿಗೆ ಬಡಿಯಿತು. "ಅಯ್ಯ!" ಎಂದು ಅವನು ಕುಣಿದಾಗ ಅವಳು, ಬಾಯಿಗೆ ಹಿಡಿಯಲು ಸೆರಗಿಲ್ಲದೆ, ತೋಳನ್ನೇ ಅಡ್ಡ ಇಟ್ಟು ನಕ್ಕಳು. ಹೊಸ ಸರಳೂ ಕೂಡಿದ ಮೇಲೆ ಮೀಟರ್ ನಾಲ್ಕು ಚಿಲ್ಲರೆ ಓಮ್ ತೋರಿಸಿತು. ಸುಶಾಂತ ಕೂಗಿದ ಕೂಗಿಗೆ ಕಾಡವ್ವ ಸೌಟು ಹಿಡಿದುಕೊಂಡೇ ಓಡಿ ಬಂದಳು.

ಮನೆಗೆ ಮಂಜೂರಾಗಿದ್ದ ವಿದ್ಯುತ್ ಲೋಡ್ ಸಾಲದೆಂದು ಹೆಚ್ಚಿಸಲು ಅರ್ಜಿ ಹಾಕಿದರು. ಅದು ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಪೂನಮ್ ಆರು ಸಲ ಬಂದಳು. ಮಷಿನ್ನಿನ ಸೋರಿಕೆ ಹುಡುಕಿ ಸರಿ ಮಾಡಲು ಒಂದು ಸಲ, ಹಳೆಯ ಬೋರ್ಡ್ ಬದಲಿಸಲು ಎರಡು ಸಲ. ಉಳಿದ ಮೂರು ಸಲ ಏಕೆ ಬಂದಳೆಂದು ಯಾರೂ ಕೇಳಲಿಲ್ಲ.

ಹತ್ತನೆಯ ದಿನ ಮುಂಜಾನೆ, ಪೂನಮ್ ಚಾರ್ಜರ್ ಚಾಲೂ ಮಾಡಲು ಬಂದಿದ್ದಾಗ, ಸಿದ್ರಾಯನೇ ಬಂದ. ಕೈಯಲ್ಲಿ ಹುಕ್ಕೇರಿಯವನು ಸಹಿ ಹಾಕಿದ ರಿಪೋರ್ಟು. ಫೈಲು ಮುಗಿಸಬೇಕಿತ್ತು ಅವನಿಗೆ.

ಸುಶಾಂತ ಹಾಳೆ ಓದಿದ. ಓಣಿಯ ಹೆಂಗಸರು ಕಾಂಪೌಂಡಿಗೆ ಆತುಕೊಂಡು ನೋಡುತ್ತಿದ್ದರು. "ಅರ್ಥಿಂಗ್ ಎರಡ ಓಮ್ ಅಂತ ಬರದಾರ್ರಿ. ಈ ಮನುಷ್ಯಾ ನಮ್ಮನಿ ಬಾಗ್ಲಾನಾದ್ರೂ ನೋಡ್ಯಾನೇನು?"

ಸಿದ್ರಾಯ ಹಾಳೆ ಮರಳಿ ಪಡೆಯಲು ಕೈ ಚಾಚಿದ.

"ನಮ್ಮವ್ವನ ಜೀವ ಉಳಿಸಿದ್ದು ಸಹಿ ಹಾಕಿದಾಂವ ಅಲ್ಲ, ಹಾಕದಾಕಿ. ಇವರ ಸಹಿ ಇಲ್ದ ಈ ಮನ್ಯಾಗ ಚಾರ್ಜರ್ ಚಾಲೂ ಆಗೂದಿಲ್ಲ."

ಪೂನಮ್ ಹೋಗಿ ಸೋರಿಕೆ ಹಿಡಿಯುವ ಪೆಟ್ಟಿಗೆಯ ಟೆಸ್ಟ್ ಗುಂಡಿ ಒತ್ತಿದಳು. ಟಕ್ ಎಂದು ಬಂದ್ ಆಯಿತು. ಮತ್ತೆ ಮೇಲೆತ್ತಿ, ಎಲ್ಲರೆದುರು ಅರ್ಥಿಂಗ್ ಅಳೆದು ಸಿದ್ರಾಯನಿಗೆ ಮೀಟರ್ ತೋರಿಸಿದಳು. ಕಾರಿಗೆ ಚಾರ್ಜರ್ ಚುಚ್ಚಿದಳು. ಹಸಿರು ದೀಪ ಹೊತ್ತಿತು. ಓಣಿಯ ಹೆಂಗಸರು ಚಪ್ಪಾಳೆ ಹೊಡೆದರು. ಸತ್ತೆವ್ವ ಎಂಬ ಮುದುಕಿ ಅಲ್ಲಿಂದಲೇ ಕೂಗಿದಳು, "ನಮ್ಮನಿ ಗೀಝರೂ ಜುಂ ಅಂತೈತೆವಾ, ಇವತ್ತ ಬಂದ ಹೋಗು!"

ಸಿದ್ರಾಯ ತಲೆ ಕೆರೆದುಕೊಂಡ. "ಗೋಕಾಕದಾಗ ಎರಡ ಮನ್ಯಾಗ ಕೆಂಪ ದೀಪ ಬರಾಕತ್ತೈತಿ. ಹುಕ್ಕೇರಿಯವಂಗ ಏನೂ ತಿಳಿವಲ್ದು. ನೀ ನೋಡ್ತಿಯೇನು ತಂಗಿ?"

"ನೋಡ್ತೇನ್ರಿ. ಆದ್ರ ಅರ್ಥಿಂಗ್ ಅಳೀಲಾರದ ಒಂದ ಮನಿಗೂ ಸಹಿ ಹಾಕಂಗಿಲ್ಲ. ನೀವು ನಾಲ್ಕ ಸಲ ಫೋನ್ ಮಾಡಿದ್ರೂ ಅಷ್ಟ."

"ಆತವಾ. ಮೂರೂ ಊರು ನಿಂದ." ಹುಕ್ಕೇರಿಯ ಹಾಳೆಯನ್ನು ಅವನೇ ನಾಲ್ಕು ಚೂರು ಮಾಡಿದ.

ಪೂನಮ್ ತನ್ನ ಹಾಳೆ ಬಿಡಿಸಿ ನಿಧಾನವಾಗಿ, ಪೂರ್ತಿ ಹೆಸರಿನ ಸಹಿ ಹಾಕಿದಳು.

ಸಿದ್ರಾಯ ಹೋದ ಮೇಲೆ ಕಾಡವ್ವ ನಿಟ್ಟುಸಿರುಬಿಟ್ಟಳು. "ಕೆಲಸ ಮುಗೀತಲ್ಲ ಯವ್ವಾ. ಇನ್ನ ನೀ ಬರೂದಿಲ್ಲ."

"ಅಡಗಿಮನಿ ಸ್ವಿಚ್ ಒಂದಷ್ಟು..." ಎಂದು ಸುಶಾಂತ ಗಡಬಡಿಸಿದ.

"ಆ ಸ್ವಿಚ್ ನಾನ ಹಾಕೇನಿ. ಅದಕ್ಕ ಏನೂ ಆಗಿಲ್ಲ." ಪೂನಮ್ ಅವನ ಕಣ್ಣನ್ನೇ ನೋಡಿದಳು. "ನಾ ಬರಬೇಕಂದ್ರ ಖರೆ ಕಾರಣ ಹೇಳ್ರಿ."

ಅವನು ಒಮ್ಮೆ ತಾಯಿಯನ್ನು, ಒಮ್ಮೆ ಓಣಿಯನ್ನು ನೋಡಿದ. ಕಿವಿ ಕೆಂಪಾಯಿತು. ಆದರೆ ಈ ಸಲ ಮಾತು ತಡವರಿಸಲಿಲ್ಲ. "ನೀವು ಹೋಗೂದು ನನಗ ಬ್ಯಾಡ. ಬಂದ ದಿನದಿಂದ ಬ್ಯಾಡಾಗೇತಿ. ನನ್ನ ಮದವಿ ಆಗ್ತೀರೇನು?"

"ಹೂಂ," ಎಂದಳು ಪೂನಮ್. ಯೋಚಿಸುವಂಥದ್ದೇನೂ ಉಳಿದಿರಲಿಲ್ಲ. "ಆದ್ರ ನಮ್ಮಪ್ಪಗ ನಾನ ಹೇಳ್ತೇನಿ. ಕಾರಿನ ಕೀಲಿ ಕೊಡ್ರಿ."

ಕಾಡವ್ವ ಒಲೆ ಆರಿಸಿ, ಹೊಸ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಳು. ಪೂನಮ್ ಸ್ಟಿಯರಿಂಗ್ ಹಿಡಿದಳು. ಕೊಣ್ಣೂರಿನ ಮನೆಯ ಮುಂದೆ ಸದ್ದೇ ಇಲ್ಲದೆ ಬಂದು ನಿಂತ ಕಾರನ್ನು ಕಂಡು ದುರ್ಗಪ್ಪ ಜೋಳ ಹಸನು ಮಾಡುವುದನ್ನು ಬಿಟ್ಟು ಎದ್ದ. ಅವನು ಏನನ್ನಾದರೂ ಕೇಳುವ ಮೊದಲೇ ಮಗಳು ಇಳಿದು, ಸುಶಾಂತನ ಕೈ ಹಿಡಿದುಕೊಂಡು, ಓಣಿಗೆಲ್ಲ ಕೇಳುವಂತೆ ಹೇಳಿದಳು.

"ಅಪ್ಪಾ, ಮೂರೂ ಊರಿನ ಕೆಲಸ ನನಗ ಸಿಕ್ಕೈತಿ. ಇವರೂ ಸಿಕ್ಕಾರ."