ಬೀಗದವನ ಕತ್ತಿನ ಗಂಟು

"ಡಾಕ್ಟರಮ್ಮ, ನನ್ನ ಮಾನ ಉಳಿಸಿ!" ಎನ್ನುತ್ತ ಸರ್ಜನ್ ನಮ್ಮ ಪ್ರಯೋಗಾಲಯದ ಬಾಗಿಲನ್ನು ತಳ್ಳಿಕೊಂಡು ಬಂದರು. "ಬೀಗ ರಿಪೇರಿಯವನ ಕತ್ತಿಂದ ನಾನು ತೆಗೆದ ಗಂಟನ್ನ ನೀವು ಅದಲುಬದಲು ಮಾಡಿದೀರಿ ಅಂತ ಅವನಣ್ಣ ವಾರ್ಡಿನಲ್ಲಿ ಕೂಗಾಡ್ತಿದ್ದಾನೆ. ನಿಮ್ಮ ವರದಿ ನೋಡಿದ್ರೆ ನನಗೂ ಹಾಗೇ ಅನಿಸುತ್ತೆ!"

ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಕೂತ್ಕೊಳ್ಳಿ. ಅಣ್ಣಯ್ಯ, ಇವರಿಗೆ ನೀರು ಕೊಡಿ."

ಅಣ್ಣಯ್ಯ ಎಂದರೆ ನಾನು. ಗಾಜಿನ ಪಟ್ಟಿಗಳನ್ನು ಸಿದ್ಧಮಾಡಿಕೊಡುತ್ತ ಆಕೆಯ ಜೊತೆಯಲ್ಲೇ ಮುದುಕನಾದವನು. ಆ ವರ್ಷ ನನ್ನ ಮನೆಯಾಕೆ ತೀರಿಕೊಂಡಿದ್ದಳು. ಅವಳ ಕಾಯಿಲೆಗೆ ಹೆಸರು ಸಿಗುವಷ್ಟರಲ್ಲಿ ಕಾಲ ಮಿಂಚಿತ್ತು. ಆದ್ದರಿಂದ ಈ ಬೀಗದವನ ವಿಷಯದಲ್ಲಿ ನನಗೆ ಮೊದಲಿನಿಂದಲೂ ತಳಮಳವಿತ್ತು.

ಅವನು ನಲವತ್ತರ ಆಳು. ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ದಪ್ಪದ, ನೋವಿಲ್ಲದ ಗಂಟು. ಸ್ಕ್ಯಾನಿನಲ್ಲಿ ಎದೆಯೊಳಗೆ ಇನ್ನೊಂದು. ಸಂಜೆಯಾದರೆ ಜ್ವರ, ಮಲಗಿದರೆ ಬಟ್ಟೆ ಹಿಂಡುವಷ್ಟು ಬೆವರು. ಮೈ ಇಳಿದುಹೋಗಿತ್ತು. ಸೂಜಿ ಚುಚ್ಚಿ ತೆಗೆದ ನಾಲ್ಕಾರು ಕಣಗಳನ್ನು ನೋಡಿ ಡಾಕ್ಟರಮ್ಮ ಲಿಂಫೋಮಾ ಎಂದು ಶಂಕಿಸಿದ್ದರು. ಅದು ರಕ್ತದ ಬಿಳಿಕಣಗಳಲ್ಲೇ ಹುಟ್ಟುವ ಕ್ಯಾನ್ಸರು. ಅದರಲ್ಲಿ ಹತ್ತಾರು ಬಗೆ, ಬಗೆಗೊಂದು ಚಿಕಿತ್ಸೆ. ಯಾವುದೆಂದು ಹೇಳಲು ಇಡೀ ಗಂಟೇ ಬೇಕು. ಆದರೆ ಶಸ್ತ್ರಕ್ರಿಯೆಯ ದಿನ ನಿಂಬೆಹಣ್ಣು ಕಡಲೆಕಾಳಾಗಿತ್ತು!

"ಅದಲುಬದಲಾಗಿಲ್ಲ," ಎಂದರು ಡಾಕ್ಟರಮ್ಮ. "ಇಲ್ಲಿ ಬಗ್ಗಿ ನೋಡಿ. ಬರೀ ಹೆಣಗಳು. ಕ್ಯಾನ್ಸರ್ ಕಣಗಳೇ, ಆದರೆ ಎಲ್ಲಾ ಸತ್ತಿವೆ. ತಾವು ಯಾರು ಅಂತ ಬಾಯಿ ಬಿಡೋಕೆ ಮುಂಚೆ ಇವನ್ನ ಯಾರೋ ಕೊಂದಿದಾರೆ."

"ದೇವರ ದಯೆ ಇರಬಾರದೇಕಮ್ಮ?" ಎಂದೆ. ನಾನು ಮನಸಾರೆ ಕೇಳಿದ್ದೆ.

"ಇದ್ದರೆ ಮೊದಲು ಕೈಮುಗಿಯೋಳು ನಾನೇ ಅಣ್ಣಯ್ಯ. ಬನ್ನಿ, ನೋಡೋಣ."

ವಾರ್ಡಿನಲ್ಲಿ ಬೀಗದವನು ಮಂಚದ ಮೇಲೆ ಕಾಲು ಅಲ್ಲಾಡಿಸುತ್ತ ಕುಳಿತಿದ್ದ. "ಡಾಕ್ಟರಮ್ಮ, ಜ್ವರ ಬಿಡ್ತು. ಹಸಿವು ಅಂದ್ರೆ ಹಸಿವು! ಅಡುಗೆಮನೆಯವರು ನನ್ನ ಕಂಡ್ರೆ ಪಾತ್ರೆ ಮುಚ್ಚಿಡ್ತಾರೆ. ನಿದ್ದೆ ಒಂದು ಹತ್ತಿರ ಸುಳಿಯಲ್ಲ."

"ನಾವು ಕೊಟ್ಟದ್ದು ಬಿಟ್ಟು ಬೇರೇನಾದ್ರೂ ಔಷಧ ತಗೊಂಡ್ರಾ?"

"ದೇವರಾಣೆ ಇಲ್ಲ."

"ಗುಣ ಆಗಿದೆ, ಮನೆಗೆ ಕಳಿಸಿ," ಎಂದಳು ಅವನ ಹೆಂಡತಿ, ಗಂಟುಮೂಟೆ ಕಟ್ಟುತ್ತ. ಔಷಧದಂಗಡಿ ಇಟ್ಟಿದ್ದ ಅಣ್ಣ, "ಮೊದಲು ನಮ್ಮ ಗಂಟು ಎಲ್ಲಿ ಹೇಳಿ!" ಎಂದು ಗುಡುಗಿದ.

ಅಷ್ಟರಲ್ಲಿ ಅವರ ತಾಯಿ ಹಾಲಿನ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಎದೆಯಿಂದ ಸುಯ್ ಸುಯ್ ಎಂದು ಸದ್ದು. ದುಂಡಗೆ ಊದಿದ ಕೆನ್ನೆ, ಸಣಕಲು ಕೈ, ಕೈಮೇಲೆ ಅಲ್ಲಲ್ಲಿ ನೇರಳೆ ಕಲೆ. ಡಾಕ್ಟರಮ್ಮ ಅವರಿಗೆ ಸ್ಟೂಲು ಎಳೆದುಕೊಟ್ಟು, "ಯಾವಾಗಿನಿಂದ ಉಬ್ಬಸ ಹೆಚ್ಚಾಯ್ತಮ್ಮ?" ಎಂದು ಕೇಳಿದರು.

"ಮಗ ಮಲಗಿದಾಗಿನಿಂದ. ಚಿಂತೆಗೆ," ಎಂದರು ಆ ತಾಯಿ.

ಡಾಕ್ಟರಮ್ಮ ಮಗನ ರಕ್ತ ತೆಗೆಸಿದರು. ಎಂದೂ ಸಕ್ಕರೆ ಕಾಯಿಲೆ ಇಲ್ಲದವನ ರಕ್ತದಲ್ಲಿ ಸಕ್ಕರೆ ಏರಿತ್ತು. ಆಕೆ ಎಲ್ಲರನ್ನೂ ಸರ್ಜನ್ನರ ಕೋಣೆಗೆ ಕರೆಸಿದರು.

"ಗಂಟು ಕರಗಿತು, ಜ್ವರ ಬಿಟ್ಟಿತು, ಹಸಿವು ಹೆಚ್ಚಿತು, ನಿದ್ದೆ ಹೋಯಿತು, ಸಕ್ಕರೆ ಏರಿತು. ಇಷ್ಟನ್ನೂ ಒಟ್ಟಿಗೆ ಮಾಡೋದು ಸ್ಟೀರಾಯ್ಡ್ ಮಾತ್ರೆ. ಲಿಂಫೋಮಾದ ಕಣಗಳನ್ನ ಅದು ಬೇಗ ಕೊಲ್ಲುತ್ತೆ. ಎಷ್ಟೋ ಲಿಂಫೋಮಾಗಳಿಗೆ ಬೇರೆ ಮದ್ದಿನ ಜೊತೆ ನಾವೇ ಅದನ್ನ ಕೊಡ್ತೀವಿ. ಆದರೆ ಒಂಟಿಯಾಗಿ ಅದು ಬೇರು ಕೀಳಲ್ಲ. ಎದೆಯೊಳಗಿನ ಗಂಟು ಇನ್ನೂ ಇದೆ. ಹೆಸರು ತಿಳಿಯೋ ಮೊದಲೇ ಮಾತ್ರೆ ಬಿದ್ದರೆ ಸಾಕ್ಷಿ ಅಳಿಸಿಹೋಗುತ್ತೆ. ಇವತ್ತು ಇವರು ಮನೆಗೆ ಹೋದರೆ, ತಿರುಗಿ ಬರೋವಾಗ ನಮ್ಮ ಕೈ ಮೀರಿರುತ್ತೆ."

ಹೆಂಡತಿ ಸಿಡಿದೆದ್ದಳು. "ಭಾವ! ಅಂಗಡಿ ನಿಮ್ಮದೇ ಅಲ್ವಾ!"

"ಅವರಲ್ಲ," ಎಂದರು ಡಾಕ್ಟರಮ್ಮ. "ಆ ಮಾತ್ರೆ ಕೊಟ್ಟಿದ್ದರೆ ಗಂಟು ಯಾಕೆ ಕರಗಿತು ಅಂತ ಅವರಿಗೇ ಹೊಳೀತಿತ್ತು. ಅದಲುಬದಲಾಯ್ತು ಅಂತ ಊರೆಲ್ಲ ಕೇಳೋ ಹಾಗೆ ಕೂಗಿ ತನಿಖೆ ಮಾಡಿಸ್ತಿರಲಿಲ್ಲ. ರೋಗಿಯೂ ಸುಳ್ಳಾಡಿಲ್ಲ. ತಾನು ತಗೊಂಡಿದ್ದು ಅವರಿಗೇ ಗೊತ್ತಿಲ್ಲ." ಆಕೆ ಮುದುಕಿಯ ಮುಂದೆ ಮಂಡಿಯೂರಿ ಕುಳಿತರು. "ಅಮ್ಮ, ನಿಮ್ಮ ಕೆನ್ನೆ, ಕೈಮೇಲಿನ ಕಲೆ ಉಬ್ಬಸಕ್ಕೆ ಅಂತ ವರ್ಷಗಟ್ಟಲೆ ಆ ಮಾತ್ರೆ ತಿಂದವರದ್ದು. ಎದೆಯ ಸದ್ದು ಅದನ್ನ ಬಿಟ್ಟವರದ್ದು. ನಿಮ್ಮ ಮಾತ್ರೆ ಎಲ್ಲಿಗೆ ಹೋಗ್ತಿದೆ?"

ಮುದುಕಿ ಕೈಯಲ್ಲಿದ್ದ ಹಾಲಿನ ಫ್ಲಾಸ್ಕನ್ನು ಮೇಜಿನ ಮೇಲಿಟ್ಟರು.

"ಹಾಲಲ್ಲಿ ಅರೆದು ಹಾಕ್ತಿದ್ದೆ," ಎಂದರು ತಾಯಿ. "ಮಲಗಿದ್ರೆ ಎದೆ ಅದುಮಿದ ಹಾಗಾಗುತ್ತಮ್ಮ ಅಂದ. ನನಗೂ ಹಾಗೇ ಆಗ್ತಿತ್ತಲ್ಲ. ನನಗೆ ಉಸಿರು ಕೊಟ್ಟಿದ್ದು ಅವನಿಗೂ ಕೊಡಲಿ ಅಂತ... ಹೇಳಿದ್ರೆ ಬೇಡ ಅಂತಿದ್ದ."

"ಅಮ್ಮಾ!" ಎಂದ ಬೀಗದವನು. "ನೀನು ತಿನ್ನದೆ ನನಗೆ ಹಾಕಿದ್ಯಾ? ನಿನಗೇನಾದ್ರೂ ಆಗಿದ್ರೆ?"

"ಆಗೋದರಲ್ಲಿತ್ತು," ಎಂದರು ಡಾಕ್ಟರಮ್ಮ. "ವರ್ಷಗಟ್ಟಲೆ ತಿಂದವರು ಅದನ್ನ ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಇವರಿಗೆ ಇವತ್ತೇ ಶುರುಮಾಡಬೇಕು, ನಿಮಗೆ ನಿಲ್ಲಿಸಬೇಕು. ಆಮೇಲೆ ಗಂಟು ತಿರುಗಿ ಬರೋವರೆಗೂ ಇಲ್ಲೇ ಕಾಯಬೇಕು."

ಆ ಕಾಯುವಿಕೆಯಂಥ ಕಷ್ಟ ಬೇರೆ ಇಲ್ಲ. ಎದೆಯೊಳಗಿನದು ಮೊದಲು ಬೆಳೆದು ಉಸಿರು ಕಟ್ಟಿಸಿದರೆ? ಸರ್ಜನ್ ಹೊತ್ತುಹೊತ್ತಿಗೆ ಹೋಗಿ ನೋಡುತ್ತಿದ್ದರು. ಆ ತಾಯಿ ಹಜಾರದ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದರು. ಒಂದು ದಿನ ಕೇಳಿದರು: "ಗಂಟು ಬರಲಿ ಅಂತ ದೇವರನ್ನ ಹೇಗೆ ಬೇಡಲಿ ಅಣ್ಣಾ? ನಾಲಿಗೆ ಏಳಲ್ಲ."

"ಬೆಳಕು ತೋರಿಸು ಅಂತ ಬೇಡಿ ತಾಯಿ. ಮಿಕ್ಕದ್ದು ಅವನಿಗೆ ತಿಳಿದಿರುತ್ತೆ," ಎಂದೆ. ಇಬ್ಬರೂ ಕಣ್ಣು ಮುಚ್ಚಿ ಕುಳಿತೆವು.

ಕತ್ತಿನಲ್ಲಿ, ಹಳೇ ಗಾಯದ ಪಕ್ಕದಲ್ಲೇ, ಗಂಟು ಬಂತು. ಕೂಗಿ ಹೇಳಿದವಳು ಹೆಂಡತಿ. ಅಣ್ಣ ಓಡಿಬಂದು ತಮ್ಮನ ಕತ್ತು ಮುಟ್ಟಿ ನೋಡಿ, ನಗಬೇಕೋ ಅಳಬೇಕೋ ತಿಳಿಯದೆ ಅವನನ್ನು ತಬ್ಬಿಕೊಂಡ. ಸರ್ಜನ್ ಈ ಸಲವೂ ಗಂಟನ್ನು ಇಡಿಯಾಗಿ ತೆಗೆದು ತಾವೇ ತಂದುಕೊಟ್ಟರು.

ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರಮ್ಮ ತಲೆಯೆತ್ತಿ, "ಅಣ್ಣಯ್ಯ, ಕಳ್ಳ ಜೀವಸಹಿತ ಸಿಕ್ಕಿಬಿದ್ದ. ದೊಡ್ಡ ಬಿ-ಕಣದ ಲಿಂಫೋಮಾ. ವೇಗದ ಕಾಯಿಲೆ. ಆದರೆ ಚಿಕಿತ್ಸೆಗೆ ಬಗ್ಗುತ್ತೆ, ಎಷ್ಟೋ ಜನ ಪೂರ್ತಿ ಗುಣವಾಗಿದ್ದಾರೆ. ನಾಳೆಯೇ ಶುರು. ಹೋಗಿ ಆ ತಾಯಿಗೆ ನೀವೇ ಹೇಳಿ," ಎಂದರು.

ಹೇಳಿದೆ. ಆಕೆ ಬೆಂಚಿನಿಂದ ಎದ್ದು ನಿಂತರು.

"ಅದರ ಹೆಸರು ಇನ್ನೊಂದು ಸಲ ಹೇಳಿ ಅಣ್ಣಾ," ಎಂದರು. "ನಿಧಾನವಾಗಿ."

ನಾನು ಒಂದೊಂದೇ ಪದವಾಗಿ ಹೇಳಿದೆ. ಅವರು ಹಗೆಯ ಹೆಸರು ನೆನಪಿಟ್ಟುಕೊಳ್ಳುವವರ ಹಾಗೆ, ಒಂದೊಂದೇ ಪದವಾಗಿ, ತಿರುಗಿ ಹೇಳಿದರು.