ಮೂರು ಗಂಟೆಗೆ ಹೊರಡುವವನು

"ಕಣ್ಣು ಕಾಣ್ಸಲ್ವೇನ್ರೀ ನಿಮಗೆ?!"

ಇಮ್ಕೆ ಕಿರುಚಿದ್ದೇ ತಡ, ಆ ಗಂಡಸು ನಿಂತಲ್ಲೇ ಕಲ್ಲಾದ. ಅಷ್ಟರಲ್ಲಿ ಅವಳ ಚೀಸ್ ಬ್ರೆಡ್ಡು ಕೆಸರುಹಿಮದಲ್ಲಿ ಬಿದ್ದಿತ್ತು. ಕಾಫಿ ಫ್ಲಾಸ್ಕ್ ಉರುಳಿ ತೊರೆ ಸೇರಿತ್ತು.

ಹಾರ್ಟ್ಸ್ ಕಾಡಿನ ಏರುದಾರಿ. ಫೆಬ್ರವರಿಯ ಮೊದಲ ಭಾನುವಾರ. ದಾರಿಯಂಚಿನ ದಿಮ್ಮಿಯ ಮೇಲೆ ಊಟ ಹರವಿಕೊಂಡು ಕೂತವಳನ್ನು ಅವನು ಎಡವಿಯೇಬಿಟ್ಟಿದ್ದ.

"ಕ್ಷಮಿಸಿ... ಗಮನಿಸ್ಲಿಲ್ಲ. ನನ್ನ ಬ್ರೆಡ್ಡು ತಗೊಳ್ಳಿ. ನಮ್ಮಕ್ಕ ಕಟ್ಟಿಕೊಟ್ಟಿದ್ದು, ಹಂದಿಮಾಂಸ ಜಾಸ್ತಿ, ಬೆಣ್ಣೆ ಕಮ್ಮಿ."

ಇಮ್ಕೆಗೆ ಬೈಗುಳ ಬಾಯಿಗೆ ಬಂದಿತ್ತು. ಬಂದದ್ದು ಮಾತ್ರ ನಗು!

ಹೆಸರು ಹೆನ್ನಿಂಗ್. ಪಿಯಾನೊಗಳ ಶ್ರುತಿ ಸರಿಮಾಡುವ ಕೆಲಸ. ಅಂದು ಕಾಡಿನ ನಡುವಿನ ಊಟದ ಗುಡಿಸಲಿನವರೆಗೂ ಜೊತೆಗೆ ನಡೆದರು. ಮುಂದಿನ ಭಾನುವಾರವೂ... ಅದರ ಮುಂದಿನ ಭಾನುವಾರವೂ.

ಅವನು ಯಾವಾಗಲೂ ಅವಳ ಹಿಂದೆಯೇ ನಡೆಯುತ್ತಿದ್ದ. ಮರಕುಟಿಗ ಕುಟ್ಟಿದರೆ ಸಾಕು, ಒಣಮರವೋ ಹಸಿಮರವೋ ಎಂದು ಹೇಳುತ್ತಿದ್ದ. ಎಲ್ಲ ಚೆನ್ನಾಗಿತ್ತು, ಗುಡಿಸಲಿನ ಆ ಗೋಡೆ ಗಡಿಯಾರದ ಹೊರತು. ಮೂರು ಗಂಟೆ ಬಾರಿಸಿತೋ, "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದೇಬಿಡುತ್ತಿದ್ದ.

ಬಸ್ಸು ಸಂಜೆ ಏಳರವರೆಗೂ ಇದೆಯಲ್ಲ?

"ಮೂರು ಗಂಟೆಗೆ ಓಡೋ ಗಂಡ್ಸಿಗೆ ಮನೇಲಿ ಹೆಂಡ್ತಿ ಇರ್ತಾಳೆ ಕಣೇ," ಎಂದಳು ಗುಡಿಸಲಿನ ಒಡತಿ ಟ್ರೌಡೆ, ಬಟಾಣಿ ಸೂಪು ಬಡಿಸುತ್ತಾ. "ನಾನು ನಲವತ್ತು ವರ್ಷದಿಂದ ನೋಡ್ತಿದ್ದೀನಿ."

"ಹೋಗ್ ಟ್ರೌಡೆ, ಸುಮ್ನಿರು!"

ಬಾಯಿ ಹಾಗೆಂದಿತು. ಎದೆಯೊಳಗೆ ಮಾತ್ರ ಮುಳ್ಳು ಮುರಿದು ಕೂತಿತು. ಇಮ್ಕೆಯ ಮಾಜಿ ಗಂಡ ಎರಡು ವರ್ಷ "ಆಫೀಸಲ್ಲಿ ಕೆಲಸ" ಎನ್ನುತ್ತಲೇ ಇನ್ನೊಬ್ಬಳ ಮನೆಗೆ ಹೋಗಿಬರುತ್ತಿದ್ದ. ಇವಳಿಗೆ ಗೊತ್ತಾಗುವ ಹೊತ್ತಿಗೆ ಊರಿಗೆಲ್ಲ ಗೊತ್ತಿತ್ತು! ಹಾಲು ಕುಡಿದು ನಾಲಿಗೆ ಸುಟ್ಟವಳು ಮಜ್ಜಿಗೆಯನ್ನೂ ಊದುವುದು ತಪ್ಪೇ?

ಗುರುವಾರ ಆ ಮುಳ್ಳು ಇನ್ನೂ ಆಳಕ್ಕಿಳಿಯಿತು.

ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಅವಳು ಹೊರಗೆ ಬಂದಳು. ಅಲ್ಲೇ ಬೀದಿಯಲ್ಲಿ ಹೆನ್ನಿಂಗ್! ಅವನ ತೋಳು ಹಿಡಿದು ಒಬ್ಬ ಹೆಂಗಸು. ಇಮ್ಕೆ ಪಕ್ಕದಲ್ಲೇ ನಿಂತು ಕೈ ಎತ್ತಿದಳು. ಅವನು ಇತ್ತ ತಿರುಗಲೂ ಇಲ್ಲ. ಅಪರಿಚಿತಳನ್ನು ದಾಟುವಂತೆ ದಾಟಿಹೋದ.

*ನಾಟಕ... ಎಷ್ಟು ಸಲೀಸಾಗಿ ಆಡ್ತಾನೆ!*

ಆ ಭಾನುವಾರ ಅವಳು ಬೇಕೆಂದೇ ಸುತ್ತುದಾರಿ ಹಿಡಿದಳು. ಮೂರು ಕಳೆಯಿತು. ಮೂರೂವರೆ. ಹಿಂದೆ ಅವನ ಉಸಿರು ಬಿರುಸಾಯಿತು.

"ಇಮ್ಕೆ, ಇದು ಬೇರೆ ದಾರಿ ಅಲ್ವಾ? ನಾನು ಹೋಗ್ಬೇಕು."

"ಇವತ್ತು ಬಂಡೆ ಮೇಲಿಂದ ಸೂರ್ಯ ಮುಳುಗೋದು ನೋಡ್ಕೊಂಡು ಹೋಗೋಣ."

"ಆಗಲ್ಲ... ದಯವಿಟ್ಟು."

"ಯಾಕೆ, ಹೆಂಡ್ತಿ ಕಾಯ್ತಿರ್ತಾಳಾ?"

"ಯಾವ ಹೆಂಡ್ತಿ?"

"ಗುರುವಾರ ತೋಳು ಹಿಡ್ಕೊಂಡಿದ್ಲಲ್ಲ, ಅವಳು! ನಾನು ಪಕ್ಕದಲ್ಲೇ ನಿಂತಿದ್ದೆ ಹೆನ್ನಿಂಗ್!"

ಅವನ ಮುಖ ಬಿಳಿಚಿತು. "ನೀನು... ಅಲ್ಲಿದ್ಯಾ?"

ಆ ಬಿಳಿಚಿದ ಮುಖವೇ ಅವಳಿಗೆ ತಪ್ಪೊಪ್ಪಿಗೆಯಾಯಿತು. ಹಿಂದಿರುಗಿ ನೋಡದೆ ಇಳಿಜಾರಿನಲ್ಲಿ ದಡದಡನೆ ಇಳಿದುಬಿಟ್ಟಳು. "ಇಮ್ಕೆ, ನಿಲ್ಲು!" ಎಂಬ ಕೂಗು ಎರಡು ಸಲ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ಗುಡಿಸಲಿಗೆ ಬಂದಾಗ ಐದು ಗಂಟೆ. ಟ್ರೌಡೆ ಬಾಗಿಲು ಹಾಕುತ್ತಿದ್ದಳು.

"ನಿನ್ನವನೆಲ್ಲಿ?"

"ನನ್ನವನಲ್ಲ. ನನಗಿಂತ ಮುಂಚೆ ಅಡ್ಡದಾರೀಲಿ ಇಳಿದಿರ್ತಾನೆ, ಬಿಡು."

"ಎಲ್ಲಾ ದಾರೀನೂ ನನ್ನ ಬಾಗ್ಲ ಮುಂದೇನೇ ಬರೋದು. ಯಾರೂ ಇಳೀಲಿಲ್ಲ."

ಇಮ್ಕೆ ಕಾದಳು. ಹತ್ತು ನಿಮಿಷ... ಇಪ್ಪತ್ತು. *ಇದೂ ನಾಟಕ. ನಾನೇ ಹುಡುಕ್ಕೊಂಡು ಹೋಗ್ಲಿ ಅಂತ.* ಫರ್ ಮರಗಳ ಬುಡದಲ್ಲಿ ಕತ್ತಲು ಸೇರತೊಡಗಿತು. ಫೋನು ಮಾಡಿದರೆ ಸಿಗ್ನಲ್ ಇಲ್ಲ.

ಟ್ರೌಡೆಯ ಟಾರ್ಚ್ ಕಿತ್ತುಕೊಂಡು ಮತ್ತೆ ಬೆಟ್ಟ ಹತ್ತಿದಳು.

ದಾರಿಯಿಂದ ಐವತ್ತು ಹೆಜ್ಜೆ ಒಳಗೆ ಅವನು ಸಿಕ್ಕಿದ. ಒಂದು ಮರವನ್ನು ಅಪ್ಪಿ ಹಿಡಿದು, ಇನ್ನೊಂದು ಮರಕ್ಕಾಗಿ ಕೈಚಾಚಿ ಗಾಳಿಯನ್ನು ತಡವುತ್ತಿದ್ದ. ಅಂಗೈ ತರಚಿ ರಕ್ತ ಒಸರುತ್ತಿತ್ತು. ಇಮ್ಕೆಗೆ ಇನ್ನೂ ಎಲ್ಲ ಕಾಣುವಷ್ಟು ಬೆಳಕಿತ್ತು. ಟಾರ್ಚ್ ಹಚ್ಚದೆ ಮೂರು ಹೆಜ್ಜೆ ದೂರದಲ್ಲಿ ಅವನೆದುರೇ ನಿಂತಳು.

ಅವನು ನೇರ ಅವಳತ್ತಲೇ ಮುಖ ಮಾಡಿ ಕೇಳಿದ:

"ಯಾರು... ಯಾರಲ್ಲಿ?"

ಇಮ್ಕೆ ಒಂದು ಹೆಜ್ಜೆ ಮುಂದಿಟ್ಟಳು.

"ಹೆನ್ನಿಂಗ್... ನಾನು ಕಾಣ್ತಿಲ್ವಾ ನಿನಗೆ?"

ಅವನು ಮರಕ್ಕೆ ಒರಗಿ ಮೆಲ್ಲಗೆ ಕೂತ. "ಇರುಳುಗುರುಡು. ಬೆಳಕು ಸ್ವಲ್ಪ ಇಳಿದ್ರೂ ಮುಗೀತು. ಹಗಲಲ್ಲೂ ಅಷ್ಟೇ, ಕೊಳವೆಯೊಳಗಿಂದ ನೋಡಿದ ಹಾಗೆ. ಪಕ್ಕದಲ್ಲಿ ನಿಂತೋರು ಕಾಣಲ್ಲ. ವರ್ಷ ವರ್ಷಕ್ಕೂ ಇನ್ನಷ್ಟು ಕಿರಿದಾಗುತ್ತೆ ಅಂದ್ರು ಡಾಕ್ಟ್ರು. ಗುರುವಾರ ಡಾಕ್ಟ್ರ ಹತ್ರ ನಮ್ಮಕ್ಕನೇ ಕರ್ಕೊಂಡು ಹೋಗಿದ್ದು."

"ಹೇಳ್ಬಾರ್ದಿತ್ತಾ?!" ಅವಳ ದನಿ ಬಿರಿಯಿತು. "ಏನೇನೋ ಅಂದ್ಕೊಂಡೆ... ಬೇಕಂತ ಸುತ್ತು ಹಾಕಿಸ್ದೆ ನಿನ್ನ. ಹೆಚ್ಚುಕಮ್ಮಿ ಆಗಿದ್ರೆ?"

"ಹೇಳಿದ್ರೆ ನಿನಗೂ ಅಯ್ಯೋ ಪಾಪ ಅನ್ನಿಸ್ತಿತ್ತು. ಅದು ಬೇಡವಾಗಿತ್ತು... ನಿನ್ನಿಂದ."

ಅವಳು ಕರ್ಚೀಫು ಹರಿದು ಅವನ ಅಂಗೈಗೆ ಸುತ್ತಿದಳು.

"ನನಗೆ ಭಯ ಇಲ್ಲ ಅನ್ನಲ್ಲ. ಇದೆ. ಆದ್ರೆ ಕತ್ಲೆಗಿಂತ ಸುಳ್ಳಿಗೆ ಜಾಸ್ತಿ ಹೆದರ್ತೀನಿ. ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗ್ಲೇ ಹೇಳ್ಬಿಡು."

"...ಒಂದಿದೆ."

ಗಂಟು ಬಿಗಿಯುತ್ತಿದ್ದವಳು ತಡೆದಳು. "ಏನು?"

"ಬೆಟ್ಟ ಹತ್ತೋದು ಅಂದ್ರೆ ನನಗಾಗಲ್ಲ. ಆವತ್ತು ಅಕ್ಕನ ಕಾಟಕ್ಕೆ ಬಂದಿದ್ದೆ. ಆಮೇಲೆ ಬಂದಿದ್ದೆಲ್ಲ ನಿನಗೋಸ್ಕರ. ಪ್ರೀತಿ, ಇಮ್ಕೆ... ಮಂಡಿನೋವಿನ ಸಮೇತ."

ಅಳುತ್ತಿದ್ದವಳು ಕಿಸಕ್ಕನೆ ನಕ್ಕುಬಿಟ್ಟಳು! ಅವನ ಕೈ ತೆಗೆದು ತನ್ನ ಹೆಗಲ ಮೇಲಿಟ್ಟುಕೊಂಡು ಟಾರ್ಚ್ ಹಚ್ಚಿದಳು.

"ಕಾಲೆತ್ತಿಡು, ಬೇರಿದೆ. ಇನ್ನೂ ಎತ್ತು... ಅಯ್ಯೋ, ಅಷ್ಟಲ್ಲ! ಕೊಕ್ಕರೆ ಥರ ಆಡ್ಬೇಡ."

"ಬೈತಾ ಇರು. ನೀನು ಎಲ್ಲಿದ್ದೀಯ ಅಂತ ಗೊತ್ತಾಗುತ್ತೆ."

"ಎಷ್ಟು ದಿನ ಬೈಬೇಕು?"

ಹೆಗಲ ಮೇಲಿನ ಬೆರಳುಗಳು ಬಿಗಿಯಾದವು.

"ನಿನಗೆ ಸಾಕಾಗೋವರೆಗೂ."

"ಹಾಗಾದ್ರೆ," ಎಂದಳು ಇಮ್ಕೆ, "ತುಂಬಾ ದಿನ ಆಗುತ್ತೆ."