ಹೇಳಿ ಅಂದರೆ ಎದ್ದವನು

ಒಂದಾನೊಂದು ತಲೆಯೊಳಗೊಬ್ಬ ರಾಜನಿದ್ದನಂತೆ. ಅವನ ಕೋಟೆಗೆ ಕಿವಿಯೇ ಬಾಗಿಲು. ಬಾಗಿಲಲ್ಲೊಬ್ಬ ಜಾಣ ಕಾವಲುಗಾರ. ಗಾಳಿ, ಹೆಜ್ಜೆ, ಫ್ಯಾನಿನ ಗುಂಯ್ ಎಂಬ ಸದ್ದು, ದಿನಾ ಬರುವ ಇವರನ್ನೆಲ್ಲ ಅವನು ಸದ್ದಿಲ್ಲದೆ ಒಳಗೆ ಬಿಡುತ್ತಿದ್ದ. ಹೊಸಬರು ಬಂದರೆ ಮಾತ್ರ ರಾಜನಿಗೆ ಸುದ್ದಿ. ಅದಕ್ಕೇ ರಾಜ ನೆಮ್ಮದಿಯಾಗಿದ್ದ.

ನನ್ನ ಬಳಿ ಬರುತ್ತಿದ್ದ ಟೈಲರನ ಕೋಟೆಯ ಕಾವಲುಗಾರ ಜ್ವರಕ್ಕೆ ಬಲಿಯಾಗಿ, ಅವನಿಗೆ ಕಿವಿ ಕೇಳದಾಗಿತ್ತು. ಡಾಕ್ಟರು ಆಪರೇಷನ್ ಮಾಡಿ ಅಲ್ಲೊಂದು ಯಂತ್ರ ಕೂರಿಸಿದ್ದರು. ಅದರಲ್ಲಿ ಕೇಳುವುದನ್ನು ಕಲಿಸುವುದು ನನ್ನ ಕೆಲಸ. "ನನ್ನ ಮುಖ ನೋಡದೆ ನನ್ನದೊಂದು ಮಾತು ನಿಮಗೆ ಕೇಳಿಸೋ ಹಾಗೆ ಮಾಡ್ತೀನಿ" ಎಂದು ಮಾತು ಕೊಟ್ಟಿದ್ದೆ.

ಆದರೆ ಹೊಸ ಕಾವಲುಗಾರನಿಗೆ ಯಾರ ಪರಿಚಯವೂ ಇಲ್ಲ. ಚಮಚ ಬಿದ್ದರೂ ಡಂಗುರ, ಪುಟ ತಿರುವಿದರೂ ಡಂಗುರ.

"ಇವತ್ತೇ ಕೊನೆ, ಮೇಡಂ. ಈ ಗದ್ದಲ ತಡೆಯೋಕಾಗಲ್ಲ," ಎಂದ ಟೈಲರ್. "ಇವತ್ತೂ ಕೇಳಿಸ್ಲಿಲ್ಲ ಅಂದ್ರೆ ಕಿವಿ ಹಿಂದಿರೋ ಈ ಯಂತ್ರ ಬಿಚ್ಚಿಡ್ತೀನಿ. ಇಲ್ಲಿಗೂ ಬರಲ್ಲ."

ಅವನ ಕಣ್ಣು ನನ್ನ ತುಟಿಯ ಮೇಲೆ. ಎಲ್ಲರ ತುಟಿಯನ್ನೂ ಅವನು ಹಾಗೇ ಓದುತ್ತಾನೆ ಕಣೇ ಎಂದು ನನ್ನೆದೆಗೆ ಎಷ್ಟು ಬುದ್ಧಿ ಹೇಳಿದರೂ ಅದು ಕೇಳುತ್ತಿರಲಿಲ್ಲ.

ಪಕ್ಕದಲ್ಲಿ ಅವನ ಅಕ್ಕ ಮೂಗು ಮುರಿದರು. "ಕಿವಿ ನೆಟ್ಟಗಿದ್ದಾಗ್ಲೂ ಇವ್ನು ನನ್ನ ಮಾತು ಕೇಳಿದ್ದಿಲ್ಲ ಬಿಡಮ್ಮ."

ನಾನು ಹಾಳೆಯಿಂದ ಬಾಯಿ ಮುಚ್ಚಿಕೊಂಡೆ. "ಮರ. ಹೇಳಿ."

ಅವನು ಎದ್ದು ನಿಂತ. ಕೈಸನ್ನೆ ಮಾಡಿ ಕೂರಿಸಿದೆ.

"ಕೀಲು. ಹೇಳಿ."

ಮತ್ತೆ ಎದ್ದ. ಈ ಸಲ ಮುಖ ಕೆಂಪಗಾಗಿತ್ತು, ಚೀಲ ಹೆಗಲಿಗೇರಿತ್ತು. "ಏಳಿ ಏಳಿ ಅಂತ ಓಡಿಸ್ತಿದ್ರೆ ಹೇಗೆ ಕೂರ್ಲಿ, ಮೇಡಂ?"

ಅಕ್ಕ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಉಸಿರಿನಷ್ಟೇ ಮೆತ್ತಗಿನ ಹಕಾರವನ್ನು ಯಂತ್ರ ನುಂಗಿತ್ತು. ಹಾಳೆಯ ಹಿಂದೆ ದೊಡ್ಡದಾಗಿ 'ಹೇಳಿ' ಎಂದು ಬರೆದು ತೋರಿಸಿದೆ. ಅವನು ಓದಿ, ಪೆಚ್ಚಾಗಿ ಕೂತ.

ತಪ್ಪು ನನ್ನದೇ. ಮರ, ಕೀಲು ಎಂದು ಬಿಡಿಬಿಡಿಯಾಗಿ ಯಾರು ತಾನೇ ಮಾತಾಡುತ್ತಾರೆ? ಹಿಂದುಮುಂದಿಲ್ಲದ ಮಾತನ್ನು ಯಾವ ಕಾವಲುಗಾರ ಗುರುತು ಹಿಡಿದಾನು? ಹಾಳೆ ಮುದುರಿ ಎಸೆದು ಅವನ ಬೆನ್ನ ಹಿಂದೆ ಹೋಗಿ ನಿಂತು, ಅವನಂಗಡಿಯ ಗಿರಾಕಿಯಂತೆ ಜಗಳ ತೆಗೆದೆ.

"ಏನ್ರೀ ಟೈಲರ್, ನನ್ನ ಕೋಟಿನ ತೋಳು ಯಾಕ್ರೀ ಇಷ್ಟುದ್ದ ಹೊಲಿದ್ರಿ?"

ಅವನ ಹೆಗಲು ಬಿಗಿಯಿತು.

"ತೋಳು... ಉದ್ದ ಇಲ್ಲ," ಎಂದ ನಿಧಾನವಾಗಿ. "ನಿಮ್ಮ ಕೈಯೇ ಗಿಡ್ಡ." ತಕ್ಷಣ ಅಡ್ಡಡ್ಡ ತಲೆಯಾಡಿಸಿದ. "ಊಹೆ ಮೇಡಂ. ಕೋಟು, ತೋಳು ಅಷ್ಟೇ ಸಿಕ್ಕಿದ್ದು. ಅಂಗಡೀಲಿ ದಿನಾ ಇದೇ ಜಗಳ ಅಲ್ವಾ?"

"ಎಲ್ಲರೂ ಹಾಗೇ ಕೇಳೋದು. ಅರ್ಧ ಕಿವಿ, ಅರ್ಧ ಊಹೆ."

ಆ ಮಾತು ಅವನ ಕಿವಿಗೆ ಮುಟ್ಟಲಿಲ್ಲ. ಕೈ ಯಂತ್ರದತ್ತ ಹೋಯಿತು.

ಊಹೆಗೆ ನಿಲುಕದ ಮಾತೊಂದು ನನ್ನಲ್ಲಿತ್ತು.

"ನೀವು ಬರೋದು ನಿಂತ್ರೆ ನನಗಾಗಲ್ಲ," ಎಂದೆ. "ನಾನೇ ನಿಮ್ಮಂಗಡಿಗೆ ಬಂದು ಕೂರ್ತೀನಿ. ದಿನಾ."

ಕೈ ಅರ್ಧದಲ್ಲೇ ನಿಂತಿತು. ಅಕ್ಕ ನನ್ನನ್ನೇ ದುರುದುರು ನೋಡಿದರು. ಅವನು ಅಲುಗಾಡಲಿಲ್ಲ. ಕೇಳಿಸಲಿಲ್ಲವೇ? ಇನ್ನೊಮ್ಮೆ ಹೇಳುವ ಧೈರ್ಯ ನನಗಿರಲಿಲ್ಲ.

ಅವನ ಕಿವಿಯ ತುದಿ ಮೆಲ್ಲಗೆ ಕೆಂಪಾಯಿತು.

"ಅಂಗಡೀಲಿರೋದು ಒಂದೇ ಕುರ್ಚಿ," ಎಂದ, ತಿರುಗದೆಯೇ. "ನಾಳೆ ಇನ್ನೊಂದು ತಂದಿಡ್ತೀನಿ."